ಕಾರಿನ ಟೈರ್ ಅವಧಿಗೆ ಮುನ್ನವೇ ಸವೆದರೆ ಏನು ಮಾಡಬೇಕು

ಸುಮಾರು 40,000 ಕಿಲೋಮೀಟರ್ ಬಾಳಬೇಕಾದ ಟೈರ್ 15,000–20,000 ಕಿಲೋಮೀಟರಿಗೇ ನುಣುಪಾದರೆ ಹೆಚ್ಚಿನವರು ಟೈರನ್ನೇ ಬೈದು ಹೊಸ ಜೋಡಿ ಹಾಕಿಸಿಕೊಂಡು ಬರುತ್ತಾರೆ. ದೋಷ ಕಾರಿನಲ್ಲೇ ಉಳಿದಿದ್ದರೆ ಹೊಸ ಜೋಡಿಗೂ ಅದೇ ಗತಿಯಾಗುತ್ತದೆ. ಆದ್ದರಿಂದ ಹಳೆಯ ಟೈರನ್ನು ಬಿಚ್ಚಿ ಕೊಡುವ ಮುನ್ನ ಅದು ಎಲ್ಲಿ, ಯಾವ ರೀತಿ ಸವೆದಿದೆ ಎಂಬುದನ್ನು ಗಮನಿಸಬೇಕು.

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರಗಳ ಮೈ ಕಣ್ಣಿಗೆ ಬೀಳುತ್ತದೆ. ನಿಂತು ನೋಡುವವರಿಗೆ ಹೊರ ಅಂಚು ಮಾತ್ರ ಕಾಣುವುದರಿಂದ, ಒಳ ಅಂಚಿನಲ್ಲಿ ಉಕ್ಕಿನ ತಂತಿ ಇಣುಕುತ್ತಿದ್ದರೂ ಟೈರ್ ಚೆನ್ನಾಗಿದೆ ಎಂದೇ ಅನ್ನಿಸುತ್ತದೆ. ಹಾಗಾಗಿ ಟಾರ್ಚ್ ಹಿಡಿದು ಒಳ ಅಂಚನ್ನು ತಪ್ಪದೆ ನೋಡಬೇಕು. ತಂತಿ ಕಾಣದಿದ್ದರೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ, ಮತ್ತೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಸವರಿ; ಒಂದು ಕಡೆಗೆ ನುಣುಪಾಗಿದ್ದು ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಡೆದರೆ ಟೋ ಕೋನ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ತಪ್ಪಿದೆ ಎಂದು ತಿಳಿಯಬಹುದು. ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆಯಿತ್ತು, ನಡುಭಾಗ ಮಾತ್ರ ಸವೆದಿದ್ದರೆ ಹೆಚ್ಚಿತ್ತು. ಅಲ್ಲಲ್ಲಿ ಗುಳಿ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ವೀಲ್ ಬ್ಯಾಲೆನ್ಸಿಂಗ್ ಮೇಲೆ ಅನುಮಾನ ಪಡಬೇಕು.

ಗಾಳಿಯ ಸಮಸ್ಯೆ ಸುಲಭವಾದದ್ದು. ಚಾಲಕನ ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿನ ಅಂಕಿಯನ್ನೇ ಅನುಸರಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ, ತುಂಬಿಸಬೇಕಾದ ಪ್ರಮಾಣವಲ್ಲ. ಟೈರ್ ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಹೊರಡುವ ಮುನ್ನ ಅಳೆಯುವುದು ಸರಿ. ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸಿತೆಂದು ಗಾಳಿ ಬಿಡಬಾರದು.

ಒಂದೇ ಅಂಚಿನ ಸವೆತದಲ್ಲಿ ಮಾತ್ರ ತಾಳ್ಮೆ ಬೇಕು, ಏಕೆಂದರೆ ಅಲ್ಲಿ ಅಲೈನ್‌ಮೆಂಟ್‌ಗೆ, ಅಂದರೆ ಚಕ್ರಗಳ ಕೋನ ಸರಿಪಡಿಸುವುದಕ್ಕೆ, ದುಡ್ಡು ಕೊಟ್ಟು ಮುಗಿಸಿಬಿಡುವ ಅವಸರವೇ ಹೆಚ್ಚಿನವರಿಗೆ ನಷ್ಟ ತರುತ್ತದೆ. ಚಕ್ರವನ್ನು ಸ್ಟೀರಿಂಗ್‌ಗೂ ಕಾರಿನ ಚೌಕಟ್ಟಿಗೂ ಜೋಡಿಸುವ ಟೈ ರಾಡ್ ಎಂಡ್, ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್‌ಗಳಲ್ಲಿ ಸಡಿಲವಿದ್ದರೆ, ಯಂತ್ರದ ಮೇಲೆ ಕೂಡಿಸಿದ ಕೋನ ಮುಂದಿನ ರಸ್ತೆ ಉಬ್ಬಿನಲ್ಲೇ ಮತ್ತೆ ತಪ್ಪುತ್ತದೆ. ಆದ್ದರಿಂದ ಕಾರನ್ನು ಎತ್ತಿ ಭದ್ರವಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರವನ್ನು ಎಡ-ಬಲದ ತುದಿಗಳಲ್ಲಿ ಹಿಡಿದು ಅಲುಗಿಸಿ ನೋಡಲು ಮೆಕ್ಯಾನಿಕ್‌ಗೆ ಹೇಳಿ: ಅಲುಗಾಟ ಕಂಡರೆ ಸ್ಟೀರಿಂಗ್ ಜೋಡಣೆಗಳನ್ನು ಪರೀಕ್ಷಿಸಬೇಕು, ಮೇಲೆ-ಕೆಳಗೆ ಹಿಡಿದಾಗ ಅಲುಗಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ನೋಡಬೇಕು. ಇವು ಬಿಗಿಯಾದ ಮೇಲಷ್ಟೇ ಅಲೈನ್‌ಮೆಂಟ್ ಮಾಡಿಸಿ, ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಕೇಳಿ ಪಡೆಯಿರಿ. ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಟೋ ಮಾತ್ರ ತಿದ್ದಲು ಬರುತ್ತದೆ. ಪ್ರಿಂಟಿನಲ್ಲಿ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಕೆಂಪಾಗಿಯೇ, ಅಂದರೆ ಮಿತಿಯ ಹೊರಗೇ, ಉಳಿದಿದ್ದರೆ, ಗುಂಡಿಗೆ ಬಿದ್ದು ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಕಂಬ) ಅಥವಾ ಲೋಯರ್ ಆರ್ಮ್ ಬಾಗಿರಬಹುದು; ಮರು ಅಲೈನ್‌ಮೆಂಟ್‌ನಿಂದ ಅದು ಸರಿಹೋಗದು.

ಮುಂದಿನ ಚಕ್ರಗಳೇ ಎಳೆಯುವ ಕಾರುಗಳಲ್ಲಿ ಎಳೆತ, ತಿರುವು ಮತ್ತು ಬ್ರೇಕಿನ ಬಹುಪಾಲು ಭಾರ ಮುಂದಿನ ಜೋಡಿಯ ಮೇಲೇ ಬೀಳುವುದರಿಂದ, 8,000–10,000 ಕಿಲೋಮೀಟರಿಗೊಮ್ಮೆ ಟೈರುಗಳ ಸ್ಥಾನ ಬದಲಿಸಬೇಕು. ಮುಂದಿನವು ನೇರವಾಗಿ ಹಿಂದಕ್ಕೆ, ಹಿಂದಿನವು ಅಡ್ಡವಾಗಿ ಮುಂದಕ್ಕೆ ಬರುತ್ತವೆ; ಉರುಳುವ ದಿಕ್ಕಿನ ಬಾಣದ ಗುರುತಿರುವ ಟೈರುಗಳನ್ನು ಮಾತ್ರ ಅದೇ ಬದಿಯಲ್ಲಿ ಹಿಂದೆ-ಮುಂದೆ ಮಾಡಬೇಕು.

ಟೈರಿನ ಗೀರುಗಳ ಒಳಗಿರುವ ಉಬ್ಬು ಗುರುತಿನ ಮಟ್ಟಕ್ಕೆ ಟೈರ್ ಸವೆದರೆ ಉಳಿದಿರುವುದು 1.6 ಮಿಲಿಮೀಟರ್ ಮಾತ್ರ, ಬದಲಿಸಲೇಬೇಕು. ಮಲೆನಾಡಿನ ಮಳೆಯಲ್ಲಿ, ಆಗುಂಬೆ ಅಥವಾ ಚಾರ್ಮಾಡಿ ಘಾಟಿಯಲ್ಲಿ ಓಡಾಡುವವರು ಆ ಗುರುತಿಗೆ ಕಾಯದೆ 3 ಮಿಲಿಮೀಟರ್ ಇರುವಾಗಲೇ ಬದಲಿಸುವುದು ಒಳ್ಳೆಯದು. ಎರಡೇ ಹೊಸ ಟೈರ್ ಕೊಂಡರೆ, ಮುಂದಿನ ಜೋಡಿ ಸವೆದದ್ದಾದರೂ ಹೊಸದನ್ನು ಹಿಂದಕ್ಕೆ ಹಾಕಿಸಿ, ಹಿಂದಿದ್ದ ಒಳ್ಳೆಯ ಜೋಡಿಯನ್ನು ಮುಂದಕ್ಕೆ ತನ್ನಿ. ನೀರು ನಿಂತ ತಿರುವಿನಲ್ಲಿ ಹಿಂಭಾಗ ಜಾರಿದ ಕಾರನ್ನು ಹಿಡಿತಕ್ಕೆ ತರುವುದು ಮುಂಭಾಗ ಜಾರಿದ್ದಕ್ಕಿಂತ ಕಷ್ಟ.