ಕುತ್ತಿಗೆ ಪೆಟ್ಟಿನ ನೋವು: ಯಾರಿಗೆ ಯಾವ ಚಿಕಿತ್ಸೆ ಎಂದು ಅಳೆದು ನೋಡುವ ಬಗೆ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ಗೆ ಹೋಟೆಲಿನವರು, ಬ್ಯಾಂಕಿನವರು, ರಿಕ್ಷಾ ಓಡಿಸುವವರು, ಹೀಗೆ ಬಹಳ ಮಂದಿ ಕನ್ನಡಿಗರು ಬರುತ್ತಾರೆ. ಹಿಂದಿನ ಗಾಡಿ ಗುದ್ದಿ ಕುತ್ತಿಗೆ ಉಳುಕಿದವರಲ್ಲಿ ಒಬ್ಬರಿಗೆ ಶಾಖ ಹಿಡಿಸಿದರೆ ಇನ್ನೊಬ್ಬರಿಗೆ ಟೆನ್ಸ್ ಮೆಷಿನ್ (ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಹಾಯಿಸಿ ನೋವು ತಗ್ಗಿಸುವ ಯಂತ್ರ) ಹಿಡಿಸುತ್ತದೆ. ಊಹೆಯ ಮೇಲೆ ಹೋಗದೆ, ಒಬ್ಬರಿಗೇ ಎರಡನ್ನೂ ಸರದಿಯಲ್ಲಿ ಕೊಟ್ಟು ಅಳೆಯುತ್ತೇವೆ. ಔಷಧಗಳ ವಿಷಯದಲ್ಲಿ ಈ ಕ್ರಮವನ್ನು 1986ರಲ್ಲಿ ಕೆನಡಾದ ಗೋರ್ಡನ್ ಗಯಾಟ್ ಮತ್ತು ಸಂಗಡಿಗರು ಮುಂದಿಟ್ಟಿದ್ದರು.

ಎರಡೂ ಕೈಗೆ ಜೋಮು, ನಡಿಗೆಯಲ್ಲಿ ತೂರಾಟ, ಮೂತ್ರದ ತೊಂದರೆ, ನುಂಗಲು ಅಥವಾ ಮಾತಾಡಲು ಕಷ್ಟ: ಇವುಗಳಲ್ಲಿ ಒಂದು ಕಂಡರೂ ಪ್ರಯೋಗದ ಮಾತೇ ಇಲ್ಲ, ನೇರ ಆಸ್ಪತ್ರೆಗೆ. ಪೆಟ್ಟಾದ ಮೊದಲ ವಾರಗಳಲ್ಲೂ ಹೋಲಿಕೆ ಮಾಡುವುದಿಲ್ಲ. ಆಗ ನೋವು ತಾನಾಗಿಯೇ ಇಳಿಯುತ್ತಿರುತ್ತದೆ, ಆ ಶ್ರೇಯಸ್ಸು ಕೊನೆಗೆ ಕೊಟ್ಟ ಚಿಕಿತ್ಸೆಗೆ ಹೋಗಿಬಿಡುತ್ತದೆ. ಮೂರು ತಿಂಗಳು ದಾಟಿಯೂ ನೋವು ಒಂದೇ ಮಟ್ಟದಲ್ಲಿ ನಿಂತವರಿಗೆ ಮಾತ್ರ ಇದು ಸರಿ.

ಮೊದಲ ವಾರ ಹೊಸದೇನೂ ಕೊಡದೆ ಬರೀ ಬರೆಸಿಕೊಳ್ಳುತ್ತೇವೆ. ಆಮೇಲೆ ಒಂದು ವಾರ ಶಾಖ, ಒಂದು ವಾರ ಟೆನ್ಸ್. ಇಂಥ ಮೂರು ಜೋಡಿ. ಪ್ರತಿ ಜೋಡಿಯಲ್ಲಿ ಯಾವುದು ಮೊದಲು ಎಂಬುದನ್ನು ನಾಣ್ಯ ಹಾರಿಸಿ ತೀರ್ಮಾನಿಸುತ್ತೇವೆ. ಐದೈದು ದಿನ ಸಾಲದು: ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗುವವರಿಗೆ ಭಾನುವಾರ ಕುತ್ತಿಗೆ ಹಗುರ, ಆ ಭಾನುವಾರ ಒಂದು ಸರದಿಗೆ ಸಿಕ್ಕಿ ಇನ್ನೊಂದಕ್ಕೆ ತಪ್ಪಿದರೆ ಲೆಕ್ಕ ಕೆಡುತ್ತದೆ. ಹಿಂದಿನದರ ಪ್ರಭಾವ ಉಳಿದಿರಬಹುದಾದ್ದರಿಂದ ಪ್ರತಿ ವಾರದ ಮೊದಲೆರಡು ದಿನದ ಅಂಕಿ ಬಿಡುತ್ತೇವೆ.

ಟೆನ್ಸ್ 80ರಿಂದ 100 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ ಕರೆಂಟಿನ ಮಿಡಿತ), 30 ನಿಮಿಷ, ಜುಮುಜುಮು ಜೋರಾಗಿರಬೇಕು, ನೋಯಬಾರದು. ಪ್ಯಾಡ್ ಕುತ್ತಿಗೆಯ ಹಿಂಭಾಗಕ್ಕೆ ಮಾತ್ರ, ಮುಂಭಾಗಕ್ಕೆ ಕೂಡದು. ಪೇಸ್‌ಮೇಕರ್ ಇದ್ದವರಿಗೆ ಟೆನ್ಸೇ ಬೇಡ. ಮಳೆಗಾಲದಲ್ಲಿ ಬೆವರಿಗೆ ಪ್ಯಾಡ್ ಅಂಚು ಏಳುತ್ತದೆ, ಕರೆಂಟ್ ಒಂದೇ ಕಡೆ ಚುಚ್ಚುತ್ತದೆ, "ಇದು ನನಗೆ ಆಗಲ್ಲ" ಅಂತಾರೆ. ಚರ್ಮ ಒರೆಸಿ ಹೊಸ ಪ್ಯಾಡ್ ಹಾಕಿದ ಮೇಲೂ ಹಾಗೇ ಅಂದರೆ ಮಾತ್ರ ನಂಬುವುದು.

ದಿನಾ ರಾತ್ರಿ ಊಟಕ್ಕೆ ಮುಂಚೆ ಆ ದಿನದ ಸರಾಸರಿ ನೋವನ್ನು 0ಯಿಂದ 10ರೊಳಗೆ ಬರೆಯಬೇಕು. ಪಕ್ಕದ ಅಂಕಣದಲ್ಲಿ ನುಂಗಿದ ಮಾತ್ರೆಗಳ ಲೆಕ್ಕ. ಈ ಅಂಕಣವೇ ಮುಖ್ಯ. ನೋವು ನಿವಾರಕ, ಪ್ಯಾರಾಸಿಟಮಾಲ್, ಸ್ನಾಯು ಸಡಿಲಿಸುವ ಔಷಧ ಮೂರೂ ಸೇರಿದ ಮಾತ್ರೆಯನ್ನು ಮನೆಯವರು ಕೊಟ್ಟರೆಂದು ನುಂಗಿದ ದಿನ ಶಾಖಕ್ಕೆ ಒಳ್ಳೆಯ ಹೆಸರು ಬರುತ್ತದೆ. ಖಾಲಿ ಸ್ಟ್ರಿಪ್ ತರಿಸಿ ಎಣಿಸುತ್ತೇವೆ. ಡಾಕ್ಟರು ಬರೆದ ಔಷಧವನ್ನು ನಾವು ನಿಲ್ಲಿಸುವುದಿಲ್ಲ, ಆರೂ ವಾರ ಒಂದೇ ಪ್ರಮಾಣದಲ್ಲಿಡಲು ಅವರನ್ನೇ ಕೇಳುತ್ತೇವೆ.

ವಾರಕ್ಕೊಮ್ಮೆ ತಲೆಯನ್ನು ಪಕ್ಕಕ್ಕೆ ತಿರುಗಿಸಲು ಹೇಳಿ ಗದ್ದದ ತುದಿಯಿಂದ ಹೆಗಲ ಮೂಳೆಯ ತುದಿಗೆ ಟೇಪ್ ಹಿಡಿಯುತ್ತೇವೆ; ಅಂತರ ಕಡಿಮೆಯಾದಷ್ಟೂ ಕುತ್ತಿಗೆ ಹೆಚ್ಚು ತಿರುಗಿದಂತೆ. ಗೊತ್ತಿಲ್ಲದೆ ಹೆಗಲು ಮೇಲೇರಿದರೆ ಅಂತರ ಸುಳ್ಳುಸುಳ್ಳೇ ಕಡಿಮೆಯಾಗುತ್ತದೆ. ಬೆನ್ನು ಕುರ್ಚಿಗೆ ಒರಗಿರಲಿ, ಅಂಗೈ ತೊಡೆಯ ಮೇಲಿರಲಿ, ಟೇಪ್ ಹಿಡಿಯುವವರು ಪ್ರತಿ ಸಲ ಒಬ್ಬರೇ ಆಗಿರಲಿ. ಕುತ್ತಿಗೆ ನೋವಿನಿಂದ ದಿನದ ಕೆಲಸಕ್ಕೆ ಎಷ್ಟು ತೊಂದರೆ ಎಂದು ಅಳೆಯುವ ನೆಕ್ ಡಿಸೆಬಿಲಿಟಿ ಇಂಡೆಕ್ಸ್ ಎಂಬ ಪ್ರಶ್ನಾವಳಿಯನ್ನೂ ತುಂಬಿಸುತ್ತೇವೆ. ಅದರಲ್ಲಿ ಐದೈದು ಅಂಕದ ಹತ್ತು ಪ್ರಶ್ನೆಗಳು, ಒಂದು ಗಾಡಿ ಓಡಿಸುವುದರ ಬಗ್ಗೆ. ಮುಂಬೈಯಲ್ಲಿ ಎಷ್ಟೋ ಜನ ಓಡಿಸುವುದೇ ಇಲ್ಲ, ಅಂಥವರಿಗೆ ಅದನ್ನು ಬಿಟ್ಟು 50ರ ಬದಲು 45ಕ್ಕೆ ಶೇಕಡಾ ಲೆಕ್ಕ ಹಾಕುತ್ತೇವೆ.

ವ್ಯಾಯಾಮವನ್ನು ಮಾತ್ರ ಹೀಗೆ ಸರದಿಯಲ್ಲಿ ಹೋಲಿಸಲಾಗದು. ಕಲಿತ ಸ್ನಾಯು ವಾರ ಬಿಟ್ಟರೂ ಮರೆಯುವುದಿಲ್ಲ. ಹಾಗಾಗಿ ಅದನ್ನು ಕೊನೆಗೆ ಇಡುತ್ತೇವೆ, ಶುರು ಮಾಡಿದ ಮೇಲೆ ನಿಲ್ಲಿಸುವುದಿಲ್ಲ.

ಮೂರು ಜೋಡಿಯಲ್ಲೂ ಒಂದೇ ಚಿಕಿತ್ಸೆ ಗೆದ್ದು, ನೋವಿನ ಸರಾಸರಿ ಅಂತರ 2 ಅಂಕದಷ್ಟಾದರೂ ಇದ್ದರೆ ಅದನ್ನೇ ಮುಂದುವರಿಸುತ್ತೇವೆ. ಎರಡರಲ್ಲೂ ವ್ಯತ್ಯಾಸವಿಲ್ಲದಿದ್ದರೂ ಇಂಥದೊಂದು ಗೆಲ್ಲುತ್ತದೆ ಎಂದು ಮೊದಲೇ ಅಂದುಕೊಂಡದ್ದು ಬರೀ ಅದೃಷ್ಟದಿಂದ ಮೂರಕ್ಕೆ ಮೂರೂ ಗೆಲ್ಲುವ ಸಾಧ್ಯತೆ 8ರಲ್ಲಿ 1 ಇದೆ, ಇದನ್ನು ರೋಗಿಗೂ ಹೇಳುತ್ತೇವೆ. ಅನುಮಾನ ಉಳಿದರೆ ನಾಲ್ಕನೇ ಜೋಡಿ. ಮೊದಲ ವಾರದ ಅಂಕಿಗಿಂತ ಎರಡೂ ಇಳಿಸದಿದ್ದರೆ ಎರಡನ್ನೂ ಬಿಟ್ಟು, ತುಂಬಿದ ಹಾಳೆಯ ಪ್ರತಿಯನ್ನು ಡಾಕ್ಟರಿಗೆ ಕಳಿಸಿ ವ್ಯಾಯಾಮಕ್ಕೆ ಕೂರಿಸುತ್ತೇವೆ.