ಬಿಸಿಲೂರಾಗ ರೀಲ್ ಕ್ಯಾಮೆರಾ: ಮೊದಲನೇ ರೀಲ್ ಹೊಡಿಯೂದು ಹೆಂಗ

ವಿಜಯಪುರದ ಬಿಸಿಲಿಗೆ ಬೈಯದವ್ರು ಯಾರೂ ಇಲ್ರಿ, ಆದ್ರ ಫಿಲ್ಮ್ ರೀಲ್ ಹಾಕಿ ಫೋಟೋ ಹೊಡಿಯೂ ಹಳೇ ಕ್ಯಾಮೆರಾ ಕಲಿಯೂದಿದ್ರ ಇದಕ್ಕಿಂತ ಚಲೋ ಊರು ಸಿಗೂದಿಲ್ಲ ಅಂತ ನಾ ಹೇಳತೀನಿ. ಹಳೇ ಕ್ಯಾಮೆರಾದಾಗ ಖರೇ ಕಲಿಬೇಕಾದದ್ದು ಒಂದ, ಬೆಳಕು ಎಷ್ಟೈತಿ ಅಂತ ಕಣ್ಣಲೇ ಅಳಿಯೂದು, ಉಳದದ್ದೆಲ್ಲಾ ಎರಡು ದಿನದಾಗ ಕೈಗೆ ಹತ್ತತೈತಿ. ನಮ್ಮಲ್ಲಿ ಮಳಿಗಾಲ ಮುಗದ ಮ್ಯಾಲ ಮೋಡ ಅಪರೂಪ, ಮುಂಜಾನೆ ಒಂಬತ್ತು ದಾಟಿತಂದ್ರ ಸಂಜಿ ನಾಕರ ತನಕ ಬೆಳಕು ಹೆಚ್ಚುಕಮ್ಮಿ ಒಂದ ಥರ ಇರತೈತಿ, ಹಿಂಗಾಗಿ ಹೊಸಬರು ತಪ್ಪೂದು ಭಾಳ ಕಡಿಮಿ.

ಫೋನ್‌ದಾಗ ಫಿಲ್ಟರ್ ಹಾಕಿದ್ರ ಹಳೇ ಫೋಟೋ ಥರಾನ ಬರತೈತಲ್ಲ, ಇಷ್ಟು ರೊಕ್ಕ ಯಾಕ ಹಾಕೂದು ಅಂತ ಕೇಳವ್ರು ಅದಾರ. ಬರೇ ಆ ಬಣ್ಣದ ಸಂಬಂಧ ಆದ್ರ ಬ್ಯಾಡ, ಫಿಲ್ಟರೇ ಸಾಕು. ರೀಲಿನ ರುಚಿ ಬ್ಯಾರೆ ಕಡೆ ಐತಿ. ಇರೂದು 36 ಫೋಟೋ, ಹಿಂದ ಸ್ಕ್ರೀನ್ ಇಲ್ಲ, ಬಟನ್ ಒತ್ತೂಕಿಂತ ಮೊದಲ ಎಲ್ಲಾ ತೀರ್ಮಾನ ಮಾಡಬೇಕು, ಒತ್ತಿದ ಮ್ಯಾಲ ಕೈಯಾಗ ಏನೂ ಇಲ್ಲ. ಎಲ್ಲಿ ನಿಲ್ಲೂದು, ಆ ಮನಿಶ್ಯಾ ಇನ್ನೆರಡು ಹೆಜ್ಜಿ ಮುಂದ ಬರಲೇನು, ನೆರಳು ಗ್ವಾಡಿ ಮ್ಯಾಲ ಬೀಳಲೇನು ಅಂತ ನೋಡಕೋಂತ ನಿಂತಿರ್ತೀರಲ್ಲ, ಅದ ಇದರ ಮಜಾ. ಇನ್ನೊಂದು, ನಮ್ಮ ನಡುಮಧ್ಯಾಹ್ನದ ಬಿಸಿಲಾಗ ಫೋನು ನೆರಳನ್ನೆಲ್ಲಾ ಎತ್ತಿ ಬೆಳಗ ಮಾಡಿ ಫೋಟೋ ಸಪ್ಪಗ ಮಾಡತೈತಿ. ಕಲರ್ ನೆಗೆಟಿವ್ ರೀಲು ಹಂಗಲ್ಲ, ಬೆಳಕು ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಹೆಚ್ಚಂದ್ರ ಬೆಳಕು ಎರಡು ಪಟ್ಟು) ಹೆಚ್ಚಾದ್ರೂ ತಡಕೊಂತೈತಿ, ಸುಣ್ಣದ ಗ್ವಾಡಿಯ ಬಿಳುಪಿನಾಗ ಸುದ್ದಾ ವಿವರ ಉಳಿತೈತಿ, ನೆರಳು ನೆರಳಾಗೇ ಇರತೈತಿ.

ಮೊದಲ ಕ್ಯಾಮೆರಾ. ಲಗೂನ ಆನ್‌ಲೈನ್‌ಗೆ ಹೋಗಿ ದುಬಾರಿದು ತರಿಸಬ್ಯಾಡ್ರಿ. ಮನಿ ಟ್ರಂಕಿನಾಗ, ತಿಜೋರಿ ಮ್ಯಾಲ, ಮಾವನ ಮನಿ ಅಟ್ಟದಾಗ ಹುಡುಕ್ರಿ, ಕೊಡ್ಯಾಕ್ ಕೆಬಿ 10, ಹಾಟ್‌ಶಾಟ್, ಯಾಶಿಕಾ ಎಂಎಫ್ 2 ಇಂಥವು ಯಾರದರ ಮನ್ಯಾಗ ಇದ್ದ ಇರತಾವ. ಇವುಗಳಾಗ ಸೆಟ್ಟಿಂಗ್ ಮಾಡೂದು ಹೆಚ್ಚು ಏನೂ ಇಲ್ಲ, ಬಿಸಿಲು ನಿಮ್ಮ ಬೆನ್ನಿಗಿರಲಿ, ಮುಂದಿನವ್ರು ಐದಾರು ಅಡಿ ದೂರ ಇರಲಿ, ಒತ್ತೂದು ಅಷ್ಟ. ಆಗ್ಫಾ ಕ್ಲಿಕ್ 3 ಸಿಕ್ಕಿತಂದ್ರ ನಸೀಬು, ಆದ್ರ ಅದು 120 ಸೈಜಿನ ಅಗಲ ರೀಲು ತಿಂತೈತಿ, ಒಂದು ರೀಲಿಗೆ 12 ಫೋಟೋ, 35 ಎಂಎಂ ರೀಲ್ ತಂದು ಹಾಕ್ಯಾಕ ಹೋಗಬ್ಯಾಡ್ರಿ.

ಸೆಟ್ಟಿಂಗ್ ಎಲ್ಲಾ ಕೈಲೇ ಮಾಡೂದು ಬೇಕಂದ್ರ ಹಳೇ ಫೋಟೋ ಸ್ಟುಡಿಯೋಕ್ಕ ಹೋಗ್ರಿ. ಮದುವಿ ಫೋಟೋ ಎಲ್ಲಾ ರೀಲ್‌ದಾಗ ಹೊಡದ ಹಿರ್ಯಾರು ಇನ್ನ ಅದಾರ, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಫ್ಯಾಕ್ಟರಿಯ ಇಂದು ಬ್ಲ್ಯಾಕ್ ಆ್ಯಂಡ್ ವೈಟ್ ರೀಲು ಕೈಯಾಡಿಸಿದವ್ರು. ಒಳಗ ಹೋದ ಕೂಡ್ಲೇ ರೇಟ್ ಕೇಳಬ್ಯಾಡ್ರಿ. "ಕಾಕಾರ, ನಿಮ್ಮ ಕಡೆ ಹಳೇ ಕ್ಯಾಮೆರಾ ಏನರ ಬಿದ್ದಾವೇನ್ರಿ, ಕಲಿಬೇಕಂತ ಮಾಡೀನಿ" ಅನ್ರಿ, ಚಹಾ ತರಿಸಿ ಕುಂದ್ರಿಸಿ ಅರ್ಧ ತಾಸು ಹೇಳ್ತಾರ, ಆ ಅರ್ಧ ತಾಸಿನ್ಯಾಗ ವಿಡಿಯೋ ನೋಡಿ ಸಿಗದ್ದು ಸಿಗತೈತಿ. ಪೆಂಟ್ಯಾಕ್ಸ್ ಕೆ 1000 ಸಿಕ್ರ ಕಣ್ಣು ಮುಚ್ಚಿ ತಗೋರಿ, 1976ರಿಂದ ಇಪ್ಪತ್ತು ವರ್ಷದ ಮ್ಯಾಲ ಮಾಡಿದ ಮಾಡೆಲ್ಲು, ಸೆಲ್ ಇಲ್ಲದನೂ ಶಟರ್, ಅಂದ್ರ ರೀಲಿಗೆ ಬೆಳಕು ಬಿಟ್ಟು ಮುಚ್ಚೂ ಪರದೆ, ನಡಿತೈತಿ, ಸೆಲ್ ಬೇಕಾಗೂದು ಬೆಳಕು ಅಳಿಯೂ ಒಳಗಿನ ಮೀಟರಿಗಷ್ಟ. ಯಾಶಿಕಾ ಎಲೆಕ್ಟ್ರೋ 35 ಹಂಗಲ್ಲ, ಅದರ ಹಳೇ ಮರ್ಕ್ಯುರಿ ಸೆಲ್ ಈಗ ಬರೂದಿಲ್ಲ, ಅಡಾಪ್ಟರ್ ಹಾಕಿ 6 ವೋಲ್ಟಿಂದು ಕುಂದ್ರಿಸಬೇಕು, ಸೆಲ್ ಇಲ್ಲಂದ್ರ ಅದು ಬರೇ ಸೆಕೆಂಡಿನ 1/500ರಾಗ ಹೊಡಿತೈತಿ.

ತಗೊಳ್ಳೂ ಮುಂದ ಹಿಂದಿನ ಬಾಗಿಲಾ ತಗದು ನೋಡ್ರಿ. ಬಾಗಿಲದ ಅಂಚಿಗೆ ಕರೇ ಸ್ಪಂಜಿನ ಪಟ್ಟಿ ಇರತೈತಿ, ಬೆರಳಿಗೆ ಜಿಗಟ ಹತ್ತಿತಂದ್ರ ಅದು ಸತ್ತೈತಿ, ಫೋಟೋದಾಗ ಕೆಂಪ್ ಕೆಂಪ್ ಪಟ್ಟಿ ಬೀಳತಾವ, ಆದ್ರ ಹೆದರಬ್ಯಾಡ್ರಿ, ಪಟ್ಟಿ ಬದಲಿ ಮಾಡೂದು ಮನ್ಯಾಗ ಆಗೂ ಕೆಲಸ. ಬಾಗಿಲಾ ತಗದಿಟ್ಟ ಕಿಟಕಿ ಕಡೆ ಹಿಡದು ಒಂದೊಂದ ಸ್ಪೀಡಿಗೆ ಶಟರ್ ಒತ್ತಿ ನೋಡ್ರಿ, 1 ಸೆಕೆಂಡಿಗೆ ಇಟ್ರ ಒಂದು ಸೆಕೆಂಡೇ ತಗಿಬೇಕು, ಎರಡು ಮೂರು ಸೆಕೆಂಡ್ ಎಳದ್ರ ಒಳಗ ಎಣ್ಣಿ ಗಟ್ಟಿಯಾಗೈತಿ, ಸರ್ವಿಸ್ ಬೇಕು. ಲೆನ್ಸಿನ ಹಿಂದ ಟಾರ್ಚ್ ಹಿಡದ್ರ ಜೇಡರ ಬಲಿ ಥರ ಕಂಡ್ರ ಫಂಗಸ್, ಬಿಡ್ರಿ ಅದನ್ನ. ನಮ್ಮ ಒಣ ಹವಾಕ್ಕ ಫಂಗಸ್ ಕರಾವಳಿಯಷ್ಟು ಇರೂದಿಲ್ಲ, ನಮ್ಮ ತ್ರಾಸೇನಿದ್ರೂ ಧೂಳು.

ರೀಲಿನ ಖರ್ಚು ಮೊದಲೇ ತಿಳಕೋರಿ, ರೀಲು, ತೊಳಸೂದು (ಡೆವಲಪ್ ಮಾಡಸೂದು), ಸ್ಕ್ಯಾನು, ಕೊರಿಯರ್ ಎಲ್ಲಾ ಹಿಡದು ಸಾವಿರ ರೂಪಾಯಿ ದಾಟತೈತಿ. ಕಲರಿಗೆ ಕೊಡ್ಯಾಕ್ ಗೋಲ್ಡ್ 200, ಬ್ಲ್ಯಾಕ್ ಆ್ಯಂಡ್ ವೈಟಿಗೆ ಇಲ್ಫೋರ್ಡ್ ಎಚ್‌ಪಿ 5 ಇಲ್ಲಾ ಕೆಂಟ್‌ಮಿಯರ್ 400 ಸಾಕು. ಸ್ಟುಡಿಯೋದ ಕಪಾಟಿನಾಗ ತಾರೀಕು ಮುಗದ ರೀಲ್ ಪುಕ್ಕಟ ಸಿಕ್ರ ತಗೋರಿ, ಹತ್ತು ವರ್ಷಕ್ಕ ಒಂದು ಸ್ಟಾಪ್ ಬೆಳಕು ಹೆಚ್ಚಿಗಿ ಕೊಡ್ರಿ ಅಂತಾರ, ಆದ್ರ ನಮ್ಮ ಊರಿನ ಕಾವಿಗೆ ಬೆಂದ ರೀಲಿನ ಭರೋಸಾ ಇಲ್ಲ, ಜವಳಾ ನಿಶ್ಚೆ ಇಂಥದಕ್ಕ ಮಾತ್ರ ಒಯ್ಯಬ್ಯಾಡ್ರಿ. ಹೊಸಾ ರೀಲು ಫ್ರಿಜ್‌ನ್ಯಾಗ ಇಡ್ರಿ, ಹೊಡಿಯೂ ಎರಡು ತಾಸು ಮೊದಲ ಹೊರಗ ತಗದು ಡಬ್ಬಿ ಮುಚ್ಚಿಟ್ಟಂಗ ಬಿಡ್ರಿ, ಇಲ್ಲಂದ್ರ ನೀರು ಬಿಡತೈತಿ. ಮೇ ತಿಂಗಳಾಗ ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲಾಗ್ಲಿ, ಗಾಡಿ ಡಿಕ್ಕಿ ಒಳಗಾಗ್ಲಿ ಕ್ಯಾಮೆರಾ ಇಟ್ಟು ಹೋಗಬ್ಯಾಡ್ರಿ.

ಹಾಕೂದು ನೆರಳಾಗ. ರೀಲಿನ ನಾಲಿಗಿ ಎಳದು ಬಲಗಡೆ ಸ್ಪೂಲಿನ ಸಂದಿಗೆ ಸಿಗಿಸಿ, ತೂತು ಹಲ್ಲಿಗೆ ಕೂತಾವಿಲ್ಲೋ ನೋಡಿ ಬಾಗಿಲಾ ಹಾಕ್ರಿ. ಆಮ್ಯಾಲ ಎಡಗಡೆ ಸುತ್ತೂ ಗುಂಡಿ ಸಾವಕಾಶ ತಿರುವಿ ಸಡಿಲ ಬಿಗಿ ಮಾಡಿ, ರೀಲ್ ಮುಂದ ಸರಿಸೂ ಲಿವರ್ ಎಳಿಯೂ ಮುಂದ ಆ ಗುಂಡಿ ತಾನೂ ತಿರಗತೈತೇನು ಅಂತ ಕಣ್ಣಿಡ್ರಿ. ತಿರುಗಿದ್ರ ರೀಲ್ ಮುಂದ ಹೊಂಟೈತಿ. ತಿರುಗಲಿಲ್ಲಂದ್ರ ಒಳಗ ಬಿಟ್ಟೈತಿ, ನೀವು 36 ಹೊಡದ್ರೂ ಒಂದೂ ಬಿದ್ದಿರೂದಿಲ್ಲ. ಇದೊಂದು ಚಟ ಮಾಡ್ಕೋರಿ, ಪ್ರತಿ ಸಲ.

ಈಗ ಬೆಳಕು. ರೀಲಿನ ಡಬ್ಬಿ ಮ್ಯಾಲ 200, 400 ಅಂತ ಇರೂ ನಂಬರ್ ಐಎಸ್ಓ, ರೀಲು ಬೆಳಕಿಗೆ ಎಷ್ಟು ಚುರುಕು ಅನ್ನೂದರ ಅಳತಿ. ನೆಲದ ಮ್ಯಾಲ ನಿಮ್ಮ ನೆರಳಿನ ಅಂಚು ಖಡಕ್ ಕಂಡ್ರ ಅಪರ್ಚರ್ (ಲೆನ್ಸಿನ ಒಳಗ ಬೆಳಕು ಬಿಡೂ ತೂತು, ಎಫ್ ನಂಬರ್ ಸಣ್ಣದಾದಷ್ಟು ತೂತು ದೊಡ್ಡದು) ಎಫ್ 16ಕ್ಕ ಇಡ್ರಿ, ಶಟರ್ ಸ್ಪೀಡು ಆ ಐಎಸ್ಓ ನಂಬರಿಗೆ ಹತ್ರದ್ದು, ಅಂದ್ರ 200ರ ರೀಲಿಗೆ 1/250, 400ರದ್ದಕ್ಕ 1/500. ಸ್ಪೀಡ್ ಅಲ್ಲೇ ಬಿಟ್ಟುಬಿಡ್ರಿ, ಇನ್ನ ತಿರುವೂದು ಅಪರ್ಚರ್ ಒಂದ. ಅಂಚು ಮೆತ್ತಗಾತಂದ್ರ ಎಫ್ 11, ನೆರಳು ಇದ್ದೂ ಇಲ್ದಂಗ ಆದ್ರ ಎಫ್ 8, ಮೋಡ ಮುಚ್ಚಿ ನೆರಳೇ ಇಲ್ಲಂದ್ರ ಎಫ್ 5.6, ಮನಿ ನೆರಳಿನ್ಯಾಗ ಕಟ್ಟಿ ಮ್ಯಾಲ ಕುಂತವ್ರದು ಹೊಡಿಯೂದಿದ್ರ ಎಫ್ 4. ಮೀಟರ್ ಇಲ್ಲದ ಕಾಲದಾಗ ಎಲ್ಲಾರೂ ಹಿಂಗ ಹೊಡದದ್ದು. ಅನುಮಾನ ಬಂದ್ರ ಕಲರ್ ನೆಗೆಟಿವಿಗೆ ಯಾವಾಗ್ಲೂ ಒಂದು ಸ್ಟಾಪ್ ಹೆಚ್ಚ ಕೊಡ್ರಿ, ಕಡಿಮಿ ಆತಂದ್ರ ನೆರಳಿನ ಜಾಗಾ ರಾಡಿ ರಾಡಿ ಬರತೈತಿ, ಅದನ್ನ ಯಾವ ಲ್ಯಾಬೂ ಸರಿ ಮಾಡೂದಿಲ್ಲ.

ಕ್ಯಾಮೆರಾದಾಗ ಮೀಟರ್ ಇದ್ರೂ ನಮ್ಮ ಊರಾಗ ಅದರ ಮಾತು ಪೂರಾ ಕೇಳಬ್ಯಾಡ್ರಿ. ಗೋಳಗುಮ್ಮಟ, ಬಾರಾ ಕಮಾನ್ ಎಲ್ಲಾ ಕರೀಕಲ್ಲು. ಮೀಟರ್ ಎಲ್ಲಾದನ್ನೂ ನಡುವಿನ ಬೂದಿ ಬಣ್ಣಕ್ಕ ತರಾಕ ನೋಡತೈತಿ, ಕರೀಕಲ್ಲ ಅಷ್ಟ ತುಂಬಿಸಿದ್ರ ಬೆಳಕು ಕಡಿಮಿ ಐತಿ ಅಂತ ತಿಳಕೊಂಡು ಕಲ್ಲು ಬೆಳ್ಳಗ ಮಾಡತೈತಿ, ಹಿಂದ ಬಿಳೀ ಆಕಾಶ ಹೆಚ್ಚಿದ್ರ ಅದಕ್ಕ ಉಲ್ಟಾ ಮಾಡಿ ಕಲ್ಲನ್ನ ಕಾಡಿಗಿ ಮಾಡತೈತಿ. ನಿಮ್ಮ ಅಂಗೈ ಬಿಸಿಲಿಗೆ ಹಿಡದು ಅದರ ಮ್ಯಾಲ ಮೀಟರ್ ನೋಡಿ ಒಂದು ಸ್ಟಾಪ್ ಹೆಚ್ಚಿಗಿ ಕೊಡ್ರಿ, ಬರೋಬ್ಬರಿ ಬರತೈತಿ.

ಎಲ್ಲಿ ಹೊಡಿಯೂದಂದ್ರ, ನಾ ಮೊದಲನೇ ರೀಲು ಇಬ್ರಾಹಿಂ ರೋಜಾಕ್ಕ ಒಯ್ರಿ ಅಂತೀನಿ, ಗೋಳಗುಮ್ಮಟಕ್ಕಲ್ಲ. ಒಂದ ಕಟ್ಟಿ ಮ್ಯಾಲ ಎರಡು ಕಟ್ಟಡ ಎದುರಾ ಬದುರಾ, ಪಶ್ಚಿಮಕ್ಕಿರೂದು ಮಸೀದಿ, ಪೂರ್ವಕ್ಕ ಗೋರಿ. ಮುಂಜಾನೆ ಹೋದ್ರ ಮಸೀದಿ ಮುಖಕ್ಕ ಬಿಸಿಲು, ಸಂಜಿಗೆ ಹೋದ್ರ ಗೋರಿ ಮುಖಕ್ಕ, ಬೆಳಕು ಹೆಂಗ ತಿರಗತೈತಿ ಅನ್ನೂದನ್ನ ನಿಂತಲ್ಲೇ ಕಲೀಬೋದು. ಗುಮ್ಮಟದ ತ್ರಾಸು ಅಂದ್ರ ಅದರ ಗಾತ್ರ, 50 ಎಂಎಂ ಲೆನ್ಸಿನ್ಯಾಗ ಹತ್ರ ನಿಂತ್ರ ಹಿಡಿಯೂದಿಲ್ಲ, ಎಷ್ಟ ಹಿಂದ ಸರಿಬೇಕೋ ಅಷ್ಟ ಸರೀರಿ. 1656ಕ್ಕ ಮುಗದ ಕಟ್ಟಡ, ಅದರ ಮುಖ ದಕ್ಷಿಣಕ್ಕ, ಹಿಂಗಾಗಿ ಚಳಿಗಾಲದಾಗ ಸೂರ್ಯ ದಕ್ಷಿಣಕ್ಕ ವಾಲಿದಾಗ ದಿನಾ ಪೂರ್ತಿ ಎದುರಿಗೆ ಬೆಳಕು ಬೀಳತೈತಿ. ಮೇ ಮೊದಲನೇ ವಾರದಾಗ ನಡುಹಗಲಿಗೆ ಸೂರ್ಯ ಬರೋಬ್ಬರಿ ನೆತ್ತಿ ಮ್ಯಾಲ ಬರತಾನ, ನೆರಳು ಕಾಲಬುಡಕ್ಕ, ಆವಾಗ ಯಾರದರ ಮುಖದ ಫೋಟೋ ಹೊಡದ್ರ ಕಣ್ಣಿನ ಜಾಗಾದಾಗ ಎರಡು ತಗ್ಗು ಕಾಣತಾವ, ಬ್ಯಾಡ. ಗುಮ್ಮಟದ ಒಳಗ ಕತ್ತಲಿ ಭಾಳ, 400ರ ರೀಲಿಗೂ ಕೈಯಾಗ ಹಿಡದು ಹೊಡಿಯೂದು ಕಷ್ಟ, ಟ್ರೈಪಾಡಿಗೆ ಪುರಾತತ್ವ ಇಲಾಖೆ ಪರವಾನಗಿ ಬೇಕು. ಬಾರಾ ಕಮಾನಿಗೆ ಬ್ಲ್ಯಾಕ್ ಆ್ಯಂಡ್ ವೈಟ್ ಹಾಕ್ರಿ, ಮ್ಯಾಲ ಚಾವಣಿ ಇಲ್ಲ, ಕಮಾನಿನ ನೆರಳು ಒಂದರ ಮ್ಯಾಲ ಒಂದು ಬೀಳತಾವ, ಅಲ್ಲಿ ಬಣ್ಣದ ಕೆಲಸಾನ ಇಲ್ಲ.

ಕಲರ್ ರೀಲು ಬಾದಾಮಿಗೆ ಉಳಸ್ರಿ, ಆ ಕೆಂಪು ಕಲ್ಲು ಅದಕ್ಕಂತಾನ ಇದ್ದಂಗ ಐತಿ. ಗುಹೆಗಳ ಮುಖ ಉತ್ತರಕ್ಕ ಅದಾವ, ಚಳಿಗಾಲದಾಗ ನೇರ ಬಿಸಿಲು ಬೀಳೂದಿಲ್ಲ, ಎಫ್ 4 ಇಲ್ಲಾ ಅದಕ್ಕಿಂತ ಕೆಳಗ ಬರಬೇಕಾಗತೈತಿ. ಭೂತನಾಥ ಗುಡಿ ಕೆರಿ ಕಡೆ, ಪಶ್ಚಿಮಕ್ಕ ಮುಖ ಮಾಡೇತಿ, ಸಂಜಿ ಐದರ ಸುಮಾರು ಹೋಗ್ರಿ.

ಮಂದಿ ಫೋಟೋ ಹೊಡಿಯೂ ಮುಂದ ಕೇಳಿ ಹೊಡೀರಿ. ಸಂಕ್ರಮಣದ ಸಿದ್ದೇಶ್ವರ ಜಾತ್ರಿಯೊಳಗ ನಂದಿಕೋಲು ಹಿಡದವ್ರನ್ನ, ಟಾಂಗಾದವ್ರನ್ನ ಫೋನಿಲೇ ಹೊಡದ್ರ ಮಾರಿ ತಿರುಗಿಸ್ತಾರ, ಹಳೇ ಕ್ಯಾಮೆರಾ ನೋಡಿದ್ರ "ಇದಿನ್ನ ನಡಿತೈತೇನೋ ತಮ್ಮಾ" ಅಂತ ತಾವ ಮಾತಿಗೆ ಬರತಾರ. ಎಲ್ಲಿ ಇರತಾರ ಅಂತ ಕೇಳಿ ಇಟ್ಕೊಂಡು ಒಂದು ಪ್ರಿಂಟ್ ಒಯ್ದು ಕೊಡ್ರಿ.

ರೀಲ್ ಮುಗದಾಗ ಲಿವರ್ ಬಿಗಿ ಹತ್ತತೈತಿ, ಜೋರ್ ಮಾಡಿ ಎಳಿಬ್ಯಾಡ್ರಿ. ಕೈಲೇ ಸುತ್ತೂ ಕ್ಯಾಮೆರಾ ಆದ್ರ ತಳಕ್ಕಿರೂ ಸಣ್ಣ ಬಟನ್ ಒತ್ತಿ ಎಡಗಡೆ ಗುಂಡಿ ಸುತ್ತಿ, ಪೂರಾ ಸಡಿಲ ಆದ ಮ್ಯಾಲ ಬಾಗಿಲಾ ತಗೀರಿ.

ಕಲರ್ ರೀಲನ್ನ ಮನ್ಯಾಗ ತೊಳಿಯೂ ಉಸಾಬರಿಗೆ ಮೊದಲಿಗೆ ಹೋಗಬ್ಯಾಡ್ರಿ, ಅದರ ಸಿ-41 ಔಷಧಕ್ಕ 38 ಡಿಗ್ರಿ ಹಿಡಕೊಂಡಿರಬೇಕು, ಬೆಂಗಳೂರು ಮುಂಬೈ ಲ್ಯಾಬಿಗೆ ಕೊರಿಯರ್ ಮಾಡ್ರಿ. ಬ್ಲ್ಯಾಕ್ ಆ್ಯಂಡ್ ವೈಟ್ ಮಾತ್ರ ಮನ್ಯಾಗ ಮಾಡ್ರಿ, ಅರ್ಧ ಸಂತೋಷ ಅಲ್ಲೇ ಐತಿ. ಕತ್ತಲ ಕ್ವಾಣ್ಯಾಗ ರೀಲನ್ನ ಬೆಳಕು ಹೋಗದ ಡೆವಲಪಿಂಗ್ ಟ್ಯಾಂಕಿಗೆ ತುಂಬಿ ಮುಚ್ಚಳಾ ಹಾಕಿದ ಮ್ಯಾಲ ಉಳದದ್ದು ಬೆಳಕಿನ್ಯಾಗ ಮಾಡೂದು. ಎಚ್‌ಪಿ 5ಕ್ಕ ಡಿ-76 ಡೆವಲಪರ್ (ಫೋಟೋ ಮೂಡಿಸೂ ಔಷಧ) ನೀರು ಬೆರಸದ ಹಾಕಿದ್ರ 20 ಡಿಗ್ರಿಗೆ ಏಳೂವರೆ ನಿಮಿಷ. ನಮ್ಮ ಪಂಚಾಯ್ತಿ ಇರೂದು ಆ 20 ಡಿಗ್ರಿಯೊಳಗ, ಬ್ಯಾಸಗಿಗೆ ಮಾಳಗಿ ಮ್ಯಾಲಿನ ಟ್ಯಾಂಕಿನ ನೀರು ಜಳಕಕ್ಕ ಕಾಸಿದಂಗ ಬರತೈತಿ. ರಾತ್ರಿ ಮಾಡ್ರಿ, ಬಕೀಟಿನಾಗ ಐಸ್ ಹಾಕಿ ಔಷಧದ ಬಾಟಲಿ ಅದರಾಗ ನಿಲ್ಲಿಸಿ ಥರ್ಮಾಮೀಟರಲೇ ನೋಡಕೋಂತ ಇರ್ರಿ. ಮೊದಲ ಡೆವಲಪರ್, ಅದನ್ನ ನಿಲ್ಲಿಸೂ ಸ್ಟಾಪ್ ಬಾತ್, ಆಮ್ಯಾಲ ಫೋಟೋ ಕಾಯಂ ಮಾಡೂ ಫಿಕ್ಸರ್, ಅಡಗಿ ಮನಿ ಡಬರಿ ಮಾತ್ರ ಮುಟ್ಟಬ್ಯಾಡ್ರಿ.

ಕಡೀಕ ನೀರಿಲೇ ತೊಳಿಯೂದಕ್ಕ ನಳಾ ಬಿಟ್ಟು ಕುಂದ್ರಬೇಕಂತಿಲ್ಲ, ನೀರಿನ ಬರ ಇರೂ ನಮ್ಮಂಥವ್ರಿಗೆ ಇಲ್ಫೋರ್ಡ್‌ದವ್ರು ಹೇಳಿದ ರೀತಿ ಚಲೋ. ಫಿಕ್ಸರ್ ಚೆಲ್ಲಿ ಟ್ಯಾಂಕಿಗೆ ನೀರು ತುಂಬಿ 5 ಸಲ ಬೋರಲ ಮಾಡಿ ಚೆಲ್ರಿ, ಮತ್ತ ತುಂಬಿ 10 ಸಲ, ಮತ್ತ ತುಂಬಿ 20 ಸಲ, ಮುಗೀತು. ಬೋರಿನ ನೀರು ಸವಳು, ಒಣಗಿದ ಮ್ಯಾಲ ನೆಗೆಟಿವಿನ ಮ್ಯಾಲ ಬಿಳೀ ಕಲಿ ಬೀಳತಾವ, ಕಡೀಕಿನ ಒಂದು ಮುಳುಗಿಗೆ ಇನ್ವರ್ಟರ್ ಬ್ಯಾಟರಿಗೆ ಹಾಕೂ ನೀರಿನ ಡಬ್ಬಿ ತಂದಿಟ್ಕೋರಿ. ಒಣಗಿಸೂದು ಬಚ್ಚಲದಾಗ, ಫ್ಯಾನ್ ಹಚ್ಚಬ್ಯಾಡ್ರಿ, ಧೂಳೆಲ್ಲಾ ಹತ್ತತೈತಿ.

ಲ್ಯಾಬಿಗೆ ಕಳಸವ್ರು ಇನ್ನೊಂದು ನೆನಪಿಡ್ರಿ. ಡಬ್ಬಿ ಜೋಡಿ ಒಂದು ಚೀಟಿ ಹಾಕಿ "ನೆಗೆಟಿವ್ ವಾಪಸ್ ಕಳಸ್ರಿ" ಅಂತ ದಪ್ಪಗ ಬರೀರಿ, ಕೇಳದಿದ್ರ ಬರೇ ಸ್ಕ್ಯಾನ್ ಮೇಲ್ ಮಾಡಿ ಕೈ ತೊಳಕೊಳ್ಳೂ ಲ್ಯಾಬೂ ಅದಾವ. ಬಂದ ಮ್ಯಾಲ ಆರಾರ ಫೋಟೋದ ಪಟ್ಟಿ ಹಂಗ ಕವರಿನಾಗ ಹಾಕಿ, ಮ್ಯಾಲ ಊರು, ತಿಂಗಳು, ಯಾವ ರೀಲು, ಯಾವ ಕ್ಯಾಮೆರಾ ಅಂತ ಬರದು ತಿಜೋರಿಯ ನಡುವಿನ ಖಣದಾಗ ಇಡ್ರಿ, ತಗಡಿನ ಕೆಳಗಿನ ಅಟ್ಟದ ಮ್ಯಾಲ ಬ್ಯಾಡ.