ಒಣಗದ ಊರಿನಲ್ಲಿ ಎಣ್ಣೆ ಬಣ್ಣ

ತೈಲವರ್ಣವನ್ನು ದಪ್ಪಗೆ ಬಳಿಯುವ ಬಗ್ಗೆ ಸಿಗುವ ಸಲಹೆಗಳೆಲ್ಲ ಬಯಲುಸೀಮೆಯ ಬಿಸಿಲಿನಲ್ಲಿ ಕುಳಿತು ಹೇಳಿದಂತಿರುತ್ತವೆ. ವಾರ ಬಿಟ್ಟು ಮುಂದಿನ ಪದರ ಹಾಕಿ ಎನ್ನುತ್ತಾರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಡಿಕೇರಿಯಲ್ಲಿ, ಜಡಿಮಳೆಯ ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ವಾರ ಬಿಟ್ಟರೆ ಒಗೆದ ಬಟ್ಟೆಯೇ ಒಣಗಿರುವುದಿಲ್ಲ. ಮನೆಯ ಹಿಂಬದಿಯ ಕೋಣೆಯನ್ನು ಸ್ಟುಡಿಯೋ ಮಾಡಿಕೊಂಡ ಮೇಲೆ ನಾನು ಮೊದಲು ಲೆಕ್ಕ ಹಾಕಿದ್ದು ಬಣ್ಣದ ಖರ್ಚನ್ನಲ್ಲ, ಅದು ಒಣಗುವ ಕಾಲವನ್ನು.

ಎಣ್ಣೆ ಬಣ್ಣ ಜಲವರ್ಣದಂತೆ ನೀರು ಆರಿ ಒಣಗುವಂಥದ್ದಲ್ಲ. ಅದರೊಳಗಿನ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಚಳಿ, ತೇವ, ಮಬ್ಬು ಬೆಳಕು ಸೇರಿದರೆ ಈ ಕೆಲಸ ಆಮೆಯ ನಡಿಗೆಗೆ ಇಳಿಯುತ್ತದೆ. ಟ್ಯೂಬಿನಿಂದ ನೇರ ಹಿಂಡಿ ಬೆರಳು ದಪ್ಪ ಬಳಿದರೆ ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿ, ಒಳಗಿನದು ತಿಂಗಳುಗಟ್ಟಲೆ ಮೆತ್ತಗೇ ಉಳಿಯುತ್ತದೆ; ಆಮೇಲೆ ಆ ಪೊರೆ ಸುಕ್ಕುಗಟ್ಟುತ್ತದೆ. ಹಾಗಾಗಿ ನಾನು ಕಂಡುಕೊಂಡ ದಾರಿ ಇಷ್ಟೇ: ಉಬ್ಬುತಗ್ಗುಗಳ ಭಾರವನ್ನು ಎಣ್ಣೆ ಬಣ್ಣದ ಮೇಲೆ ಹೊರಿಸುವುದಿಲ್ಲ. ಅದನ್ನು ತಳದ ಪದರವೇ ಹೊರಬೇಕು. ಎಣ್ಣೆ ಬಣ್ಣ ಅದರ ಮೇಲೆ ತೆಳುವಾಗಿ ಓಡಾಡಿದರೆ ಸಾಕು.

ತಳಕ್ಕೆ ಕ್ಯಾನ್‌ವಾಸ್ ಬೇಡವೆಂದು ಬೇಗನೆ ತೀರ್ಮಾನಿಸಿದೆ. ಮಳೆಗಾಲದಲ್ಲಿ ಅದು ಜೋಲು ಬೀಳುತ್ತದೆ, ಬಿಸಿಲಿಗೆ ಮತ್ತೆ ಬಿಗಿಯುತ್ತದೆ. ದಪ್ಪ ಪದರಕ್ಕೆ ಈ ಎಳೆದಾಟವೇ ಬಿರುಕಿನ ಮೂಲ. ಹಿಂಬದಿಗೆ ಬೂಸ್ಟು ಹಿಡಿಯುವುದು ಬೇರೆ. ನಾನು ಬಳಸುವುದು ನೀರು ತಡೆಯುವ ಪ್ಲೈವುಡ್. ಮುಂದೆ, ಹಿಂದೆ, ಅಂಚುಗಳಿಗೂ ಅಕ್ರಿಲಿಕ್ ಗೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಹಾಕುವ ಬಿಳಿ ಲೇಪ, ಬಳಿಯುತ್ತೇನೆ. ಒಂದೇ ಬದಿಗೆ ಬಳಿದರೆ ಹಲಗೆ ಬಾಗುತ್ತದೆ. ಹಳೆಯ ಪದ್ಧತಿಯ ಪ್ರಾಣಿಜನ್ಯ ಅಂಟಿನ ತಳ ನಮ್ಮ ಹವೆಗೆ ಒಗ್ಗದು. ಅದು ತೇವ ಹೀರಿ ಉಬ್ಬುವ, ಒಣಗಿ ಕುಗ್ಗುವ ವಸ್ತು.

ಇನ್ನು ಉಬ್ಬಿನ ವಿಷಯ. ಉಬ್ಬು ಮೂಡಿಸಲೆಂದೇ ಅಂಗಡಿಯಲ್ಲಿ ಸಿಗುವ ಮಾಡೆಲಿಂಗ್ ಪೇಸ್ಟ್ ದುಬಾರಿ. ಗೆಸ್ಸೊ ಮತ್ತು ಅಕ್ರಿಲಿಕ್ ಮೀಡಿಯಂಗೆ (ಬಣ್ಣ ಬೆರೆಸದ ಅಕ್ರಿಲಿಕ್ ಅಂಟು) ಬಿಳಿ ರಂಗೋಲಿ ಪುಡಿಯನ್ನು ಜರಡಿ ಹಿಡಿದು ಕಲಸುತ್ತೇನೆ. ಬಣ್ಣದ ರಂಗೋಲಿ ಬೇಡ, ಅದರ ಬಣ್ಣ ನಿಲ್ಲುವ ಭರವಸೆಯಿಲ್ಲ. ಜರಡಿ ಹಿಡಿಯುವಾಗ ಮಾಸ್ಕ್ ಹಾಕಿಕೊಳ್ಳಲೇಬೇಕು, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕಲಸುವ ಚೂರಿಯನ್ನು ಓರೆ ಹಿಡಿದಾಗ ತಾನಾಗಿ ಜಾರದಷ್ಟು ಗಟ್ಟಿಯಾದರೆ ಹದ ಬಂದಂತೆ. ಗೋಡೆಗೆ ಪುಟ್ಟಿ ಎಳೆಯುವ ಅಗಲ ಬ್ಲೇಡಿನಿಂದ ಅದನ್ನು ಹಲಗೆಗೆ ಹರಡಿ, ಒದ್ದೆಯಿರುವಾಗಲೇ ಕಾಫಿಯ ಹಳೆಯ ಗೋಣಿಚೀಲದ ತುಂಡನ್ನು ಒತ್ತುತ್ತೇನೆ.

ಗೋಣಿಯನ್ನು ಎತ್ತುವುದರಲ್ಲಿ ಕೈಚಳಕವಿದೆ. ತಕ್ಷಣ ಎತ್ತಿದರೆ ಪೇಸ್ಟ್ ಅದರ ಜೊತೆಗೇ ಎದ್ದು ಬರುತ್ತದೆ. ಮೇಲ್ಮೈಯ ಹೊಳಪು ಹೋಗಿ ಮಬ್ಬಾಗುವವರೆಗೆ ಕಾಯಬೇಕು, ನಂತರ ಒಂದು ಮೂಲೆಯಿಂದ ನೆಲಕ್ಕೆ ಸಮಾನಾಂತರವಾಗಿ ಎಳೆಯಬೇಕು. ಆಗ ನೇಯ್ಗೆಯ ಚೌಕಗಳು ಒಂದು ಕಡೆ ಚೂಪಾಗಿ, ಇನ್ನೊಂದು ಕಡೆ ಅಳಿಸಿದಂತೆ ಮೂಡುತ್ತವೆ. ಆ ಅಸಮತೆಯೇ ನನಗೆ ಬೇಕು. ಸಿಲ್ವರ್ ಓಕ್ ತೊಗಟೆಯನ್ನೂ ಹೀಗೆ ಒತ್ತಿ ನೋಡಿದ್ದೇನೆ. ಅದರ ಉದ್ದುದ್ದ ಸೀಳುಗಳು ಮಳೆಯಲ್ಲಿ ನೆನೆದ ಗೋಡೆಯ ಚಿತ್ರಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ ಒತ್ತಿ ತೆಗೆಯುತ್ತೇನೆಯೇ ಹೊರತು ಅಂಟಿಸಿ ಬಿಡುವುದಿಲ್ಲ. ಕಾಫಿ ಹೊಟ್ಟು, ತೊಗಟೆ, ಒಣಗಿದ ಎಲೆಗಳನ್ನು ಬಣ್ಣದಲ್ಲಿ ಹುದುಗಿಸುವುದು ಈಗ ಚಾಲ್ತಿಯಲ್ಲಿದೆ. ಕೊಡಗಿನ ತೇವದಲ್ಲಿ ಅದು ಬೂಸ್ಟಿಗೆ ಹಾಕಿದ ಊಟ. ಒರಟುತನ ಬೇಕಿದ್ದರೆ ತೊಳೆದು ಒಣಗಿಸಿದ ಮರಳು ಸಾಕು. ಫ್ರಾನ್ಸಿನ ಚಿತ್ರಕಾರ ಜಾರ್ಜ್ ಬ್ರಾಕ್ 1912ರ ಹೊತ್ತಿಗೇ ಬಣ್ಣಕ್ಕೆ ಮರಳು ಬೆರೆಸಿದ್ದ.

ತಳ ಪೂರ್ತಿ ಒಣಗಿದ ಮೇಲೆ ಎಣ್ಣೆ ಬಣ್ಣ. ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ಕೂರುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ಕೂರುವುದಿಲ್ಲ. ಮೊದಲ ಪದರಕ್ಕೆ ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣ ಆರಿಸಿಕೊಳ್ಳುತ್ತೇನೆ. ಅದರಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಬೇಗ ಗಟ್ಟಿಯಾಗಿಸುತ್ತದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು ಬಣ್ಣ ಇದಕ್ಕೆ ತದ್ವಿರುದ್ಧ, ಅದನ್ನು ತಳಕ್ಕೆ ಹಾಕಿದರೆ ಮೇಲಿನ ಪದರ ಮೊದಲು ಒಣಗಿ ಸೀಳುತ್ತದೆ. ಅಂಬರನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಇಡೀ ಹಲಗೆಗೆ ಬಳಿದು, ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತೇನೆ. ಉಬ್ಬುಗಳು ಬೆಳ್ಳಗಾಗುತ್ತವೆ, ತಗ್ಗುಗಳಲ್ಲಿ ಕಂದು ನಿಲ್ಲುತ್ತದೆ. ಅದು ಒಣಗಿದ ನಂತರ ಚಪ್ಪಟೆ ಬ್ರಷ್ಷಿಗೆ ಗಟ್ಟಿ ಬಣ್ಣವನ್ನು ಚೂರೇ ಚೂರು ತಾಗಿಸಿ ಉಬ್ಬುಗಳ ನೆತ್ತಿಯ ಮೇಲೆ ಮಾತ್ರ ಸವರುತ್ತೇನೆ. ಪದರ ಮೇಲೇರಿದಂತೆ ಎಣ್ಣೆಯ ಪಾಲೂ ಏರಬೇಕು ಎಂಬ ಹಳೆಯ ನಿಯಮವನ್ನು ಮಾತ್ರ ಮುರಿಯುವುದಿಲ್ಲ. ಹೀಗೆ ಮಾಡಿದ ಒಂದು ಚಿತ್ರವನ್ನು ನೋಡಿ ಅತ್ತೆ, "ಗೋಡೆಗೆ ಪಾಚಿ ಹಿಡಿದ ಹಾಗಿದೆಯಲ್ಲಮ್ಮಾ, ಉಜ್ಜಿ ತೆಗೆಯಬಾರದೇ?" ಎಂದರು. ನಾನು ಬರೆದದ್ದು ಪಾಚಿ ಹಿಡಿದ ಗೋಡೆಯನ್ನೇ. ಇಲ್ಲಿಯವರೆಗೆ ಸಿಕ್ಕ ವಿಮರ್ಶೆಗಳಲ್ಲಿ ನನಗೆ ಇಷ್ಟವಾದದ್ದು ಅದೊಂದೇ.

ಎಣ್ಣೆ ಬಣ್ಣಕ್ಕೇ ಮೈ ಬರಿಸಬೇಕೆಂದರೆ ಜೇನುಮೇಣವಿದೆ. ಮೇಣದ ತುಂಡುಗಳನ್ನು ಬಿಸಿನೀರಿನ ಪಾತ್ರೆಯೊಳಗಿನ ಡಬ್ಬಿಯಲ್ಲಿ ಕರಗಿಸಿ, ಒಲೆ ಆರಿಸಿ, ಡಬ್ಬಿಯನ್ನು ಹೊರಗೆ ಅಂಗಳಕ್ಕೆ ಒಯ್ದು ಅಲ್ಲಿ ಟರ್ಪೆಂಟೈನ್ ಬೆರೆಸುತ್ತೇನೆ. ಒಲೆಯ ಹತ್ತಿರ ಟರ್ಪೆಂಟೈನ್ ತೆರೆದರೆ ಅದರ ಆವಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಆರಿದಾಗ ಬೆಣ್ಣೆಯ ಹದಕ್ಕೆ ಬರುವ ಈ ಮೇಣವನ್ನು ಬಣ್ಣದ ಮೂರನೆಯ ಒಂದು ಪಾಲಿನಷ್ಟು ಸೇರಿಸಿದರೆ ಚೂರಿಯ ಗುರುತು ಎಳೆದಂತೆಯೇ ನಿಲ್ಲುತ್ತದೆ, ಹೊಳಪೂ ತಗ್ಗುತ್ತದೆ. ಮಾರನೆಯ ದಿನ ಬ್ರಷ್ಷಿನ ಹಿಡಿಯಿಂದ ಗೀರಿ ಕೆಳಗಿನ ಕಂದನ್ನು ಹೊರಗೆ ತರಬಹುದು. ಈ ಕೆಲಸವನ್ನೆಲ್ಲ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ನಂತರ, ಕಾಫಿ ಹೂ ಬಿಡುವ ಮುಂಚಿನ ಒಣ ತಿಂಗಳುಗಳಿಗೆ ಇಟ್ಟುಕೊಳ್ಳುತ್ತೇನೆ. ಮಳೆಗಾಲಕ್ಕೆ ತಳ ತಯಾರಿ, ತೆಳು ಪದರ, ರೇಖಾಚಿತ್ರ.

ಒರೆಸಿದ ಬಟ್ಟೆಗಳ ಬಗ್ಗೆ ಯಾರೂ ಸಾಕಷ್ಟು ಜೋರಾಗಿ ಹೇಳುವುದಿಲ್ಲ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ಒಳಗೊಳಗೇ ಬಿಸಿಯಾಗಿ, ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಲ್ಲದು. ಸೌದೆ, ಗೋಣಿ, ಒಣ ಹೊಟ್ಟು ತುಂಬಿರುವ ನಮ್ಮ ತೋಟದ ಮನೆಗಳಲ್ಲಿ ಇದು ಹುಡುಗಾಟದ ಮಾತಲ್ಲ. ನನ್ನ ಕೋಣೆಯಲ್ಲಿ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿಸಿಟ್ಟಿರುತ್ತೇನೆ, ಬಟ್ಟೆ ಅದಕ್ಕೇ ಹೋಗಬೇಕು. ಮಳೆ ಎಷ್ಟೇ ಬೀಸಿ ಹೊಡೆಯಲಿ, ಟರ್ಪೆಂಟೈನ್ ಹೊರತೆಗೆದರೆ ಒಂದು ಕಿಟಕಿ ತೆರೆದಿರಲೇಬೇಕು.

ಮುಗಿದ ಚಿತ್ರಗಳನ್ನು ಕತ್ತಲೆಯ ಅಟ್ಟಕ್ಕೆ ಹಾಕಬೇಡಿ. ಕತ್ತಲಲ್ಲಿ ಅಗಸೆ ಎಣ್ಣೆ ಹಳದಿ ತಿರುಗುತ್ತದೆ. ಹಾಗಾದರೂ ಗಾಬರಿ ಬೇಡ: ಕೆಲವು ವಾರ ಬೆಳಕಿರುವ ಕಿಟಕಿಯ ಬಳಿ ಇಟ್ಟರೆ ಆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ವಾರ್ನಿಷ್ ತೆಳು ಚಿತ್ರಕ್ಕೆ ಆರು ತಿಂಗಳ ನಂತರ, ದಪ್ಪನೆಯದಕ್ಕೆ ವರ್ಷ ತುಂಬಿದ ಮೇಲೆ, ಅದೂ ಬಿಸಿಲಿರುವ ದಿನ ನೋಡಿಕೊಂಡು. ತೇವದ ದಿನ ಬಳಿದ ವಾರ್ನಿಷ್ ಬೆಳ್ಳಗೆ ಮಂಜು ಕಟ್ಟುತ್ತದೆ. ಮೇಣ ಬೆರೆಸಿದವಕ್ಕೆ ನಾನು ವಾರ್ನಿಷ್ ಹಾಕುವುದೇ ಇಲ್ಲ, ಮೆತ್ತನೆಯ ಬಟ್ಟೆಯಿಂದ ತಿಕ್ಕಿ ಬಿಡುತ್ತೇನೆ.